ಇಲ್ಲ ಅನ್ನೋಕೆ ಎಷ್ಟು ನೋಡಬೇಕು?

"ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂದ್ರಲ್ಲ ಡಾಕ್ಟ್ರೇ, ಮತ್ತೆ ಯಾಕೆ ಇಟ್ಕೊಂಡಿದ್ದೀರಿ?" ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವವರ ಕಿವಿಗೆ ಈ ಮಾತು ಆಗಾಗ ಬೀಳುತ್ತಲೇ ಇರುತ್ತದೆ. ಈಚೆಗೆ ಹೀಗೆ ಕೇಳಿದವರು ಒಬ್ಬ ಹುಡುಗನ ಸೋದರಮಾವ. ಹುಡುಗ ಹೈವೇ ಪಕ್ಕದ ರಸ್ತೆಯಲ್ಲಿ ಬೈಕಿನಿಂದ ಬಿದ್ದಿದ್ದ. ಹ್ಯಾಂಡಲ್‌ನ ತುದಿ ಹೊಟ್ಟೆಗೆ ಒತ್ತಿ, ಪಕ್ಕೆಲುಬಿನ ಕೆಳಗೆ ದುಂಡಗೆ ಕೆಂಪು ಗುರುತು ಮೂಡಿತ್ತು. ಬಿಪಿ ಸರಿಯಿತ್ತು, ನಾಡಿ ಮಾತ್ರ ಸ್ವಲ್ಪ ಜೋರು. ಅವನನ್ನು ಮಲಗಿಸುತ್ತಿದ್ದ ಹಾಗೇ ನಮ್ಮ ಪಿಜಿ, ಅಂದರೆ ಎಂಡಿ ಓದುತ್ತಿರುವ ಕಿರಿಯ ವೈದ್ಯರು, ಸ್ಕ್ಯಾನಿಂಗ್ ಯಂತ್ರವನ್ನು ಪಕ್ಕಕ್ಕೆ ಎಳೆದು ತಂದು ಹೊಟ್ಟೆ ನೋಡಿದರು. ಮುಗಿಸಿ, ಕೈಗೆ ಹತ್ತಿದ ಜೆಲ್ ಒರೆಸಿಕೊಳ್ಳುತ್ತಾ "ಏನೂ ಇಲ್ಲ" ಅಂದರು. ಮಾವ ಅಷ್ಟು ಕೇಳಿದ್ದೇ ತಡ, ಮಂಚದ ಕೆಳಗೆ ಬಗ್ಗಿ ಹುಡುಗನ ಚಪ್ಪಲಿ ಹುಡುಕೋಕೆ ಶುರು ಮಾಡಿದರು.

ಹುಡುಗನನ್ನು ಬೆಳಗಿನವರೆಗೂ ಇಟ್ಟುಕೊಂಡೆವು. ರಾತ್ರಿ ಮತ್ತೆ ನೋಡಿದೆವು, ಹೊಟ್ಟೆ ಮುಟ್ಟಿ ನೋಡಿದೆವು, ರಕ್ತ ಪರೀಕ್ಷೆ ಮಾಡಿಸಿದೆವು. ನಿಜವಾಗಲೂ ಏನೂ ಇರಲಿಲ್ಲ. ಮಾರನೇ ದಿನ ನಡೆದುಕೊಂಡೇ ಮನೆಗೆ ಹೋದ. ಹಾಗಾಗಿ ಇದು ತಪ್ಪಿಹೋದ ರೋಗದ ಕತೆಯಲ್ಲ. ಆದರೂ ಆ "ಏನೂ ಇಲ್ಲ" ಅನ್ನುವ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಪಿಜಿ ಹೇಳಿದ್ದು ಒಂದು, ಮಾವ ಕೇಳಿಸಿಕೊಂಡಿದ್ದು ಇನ್ನೊಂದು. ಪಿಜಿಯ ಮನಸ್ಸಿನಲ್ಲಿ ಇದ್ದದ್ದು "ನಾನು ನೋಡಿದ ಜಾಗಗಳಲ್ಲಿ, ಈ ಹೊತ್ತಿನಲ್ಲಿ, ರಕ್ತ ನಿಂತಂತೆ ಕಾಣಲಿಲ್ಲ" ಎಂಬುದು. ಮಾವನ ಕಿವಿಗೆ ಬಿದ್ದದ್ದು "ನಿಮ್ಮ ಹುಡುಗನಿಗೆ ಏನೂ ಆಗಿಲ್ಲ" ಎಂಬುದು. ಇವೆರಡರ ನಡುವೆ ಎಷ್ಟು ದೂರ ಇದೆ ಅಂತ ಯೋಚಿಸುತ್ತಾ ಹೋದಾಗ ನನಗೆ ಅನಿಸಿದ್ದು ಇದು: ಹಾಸಿಗೆ ಪಕ್ಕದ ಅಲ್ಟ್ರಾಸೌಂಡ್ ಕಲಿಯುವುದರಲ್ಲಿ ಹೆಚ್ಚಿನ ಪಾಲು "ಇಲ್ಲ" ಅಂತ ಹೇಳೋದನ್ನು ಕಲಿಯುವುದು. "ಇದೆ" ಅನ್ನೋದು ಬೇಗ ಬರುತ್ತದೆ. ಹೊಟ್ಟೆ ತುಂಬ ರಕ್ತ ಇದ್ದರೆ ಮೊದಲ ವಾರದ ಇಂಟರ್ನ್‌ಗೂ ಕಾಣುತ್ತದೆ. ಇಲ್ಲ ಅನ್ನೋಕೆ ಮಾತ್ರ ವರ್ಷಗಳು ಬೇಕು. ನಮ್ಮ ತರಬೇತಿ ಇದನ್ನು ಇನ್ನೂ ಸರಿಯಾಗಿ ಗಮನಿಸಿಲ್ಲ.

ಕಪ್ಪು ಕಂಡರೆ

ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದವರಿಗೆ ನಾವು ಮಾಡುವ ಸ್ಕ್ಯಾನ್‌ಗೆ ಫಾಸ್ಟ್ ಅಂತ ಹೆಸರು. ನೋಡುವುದು ನಾಲ್ಕು ಕಡೆ: ಬಲಗಡೆ ಲಿವರ್ ಮತ್ತು ಕಿಡ್ನಿ ನಡುವೆ, ಎಡಗಡೆ ಸ್ಪ್ಲೀನ್ (ಗುಲ್ಮ) ಸುತ್ತ, ಕೆಳಗೆ ಮೂತ್ರಚೀಲದ ಹಿಂದೆ, ಮೇಲೆ ಹೃದಯದ ಸುತ್ತ. ಈಗ ಇದರ ಜೊತೆ ಎದೆಯ ಎರಡೂ ಬದಿಯನ್ನೂ ಸೇರಿಸಿಕೊಳ್ಳುತ್ತಾರೆ. ಕೇಳುವ ಪ್ರಶ್ನೆ ಒಂದೇ, ಇಲ್ಲಿ ಇರಬಾರದ ರಕ್ತ ಇದೆಯಾ? ಹೊಸದಾಗಿ ಸೋರಿದ ರಕ್ತ ಪರದೆಯ ಮೇಲೆ ಕಪ್ಪಗೆ ಕಾಣುತ್ತದೆ. ಇದು ಬರುವುದಕ್ಕೆ ಮುಂಚೆ ಹೊಟ್ಟೆಗೆ ಸಣ್ಣ ತೂತು ಕೊರೆದು, ನಳಿಕೆ ಇಳಿಸಿ, ಒಂದು ಲೀಟರ್ ಸಲೈನ್ ಬಿಟ್ಟು, ವಾಪಸ್ ಬಂದ ನೀರಿನಲ್ಲಿ ರಕ್ತ ಇದೆಯಾ ಅಂತ ನೋಡುತ್ತಿದ್ದರು. 1960ರ ದಶಕದಿಂದ ಸುಮಾರು ಮೂವತ್ತು ವರ್ಷ ಅದೇ ದಾರಿ. ಈಗ ಚರ್ಮದ ಮೇಲೆ ಜೆಲ್ ಹಚ್ಚಿ ಪ್ರೋಬ್, ಅಂದರೆ ಯಂತ್ರದ ಕೈಯಲ್ಲಿ ಹಿಡಿಯುವ ಭಾಗ, ಇಟ್ಟರೆ ಸಾಕು. ಹೊಟ್ಟೆಗೆ ಬಳಸುವ ಬಾಗಿದ ಪ್ರೋಬ್ ಸಾಮಾನ್ಯವಾಗಿ 2ರಿಂದ 5 ಮೆಗಾಹರ್ಟ್ಸ್‌ನ ಶಬ್ದ ಕಳಿಸುತ್ತದೆ. ಅದು ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗಿ, ಎದುರು ಸಿಕ್ಕಿದ್ದಕ್ಕೆ ತಾಗಿ ವಾಪಸ್ ಬರುತ್ತದೆ. ವಾಪಸ್ ಬಂದದ್ದು ಬೆಳ್ಳಗೆ, ಬೂದಿ ಬಣ್ಣದಲ್ಲಿ ಕಾಣುತ್ತದೆ. ನೀರು, ರಕ್ತ, ಮೂತ್ರ ಏನನ್ನೂ ವಾಪಸ್ ಕಳಿಸುವುದಿಲ್ಲ, ಅದಕ್ಕೇ ಕಪ್ಪು.

ಇಷ್ಟು ಸುಲಭ ಅನಿಸಿದರೆ, ಎಲ್ಲೆಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ಸ್ವಲ್ಪ ರಕ್ತ ಕಾಣುವುದಿಲ್ಲ. ಪರದೆಯ ಮೇಲೆ ಗುರುತಿಸುವಷ್ಟು ಸೇರೋಕೆ ಸಾಮಾನ್ಯವಾಗಿ ಒಂದು ದೊಡ್ಡ ಲೋಟದಷ್ಟಾದರೂ ಬೇಕು. ಎಷ್ಟೋ ಸಲ ಅದಕ್ಕಿಂತ ಜಾಸ್ತಿಯೇ ಬೇಕು. ಹೆಪ್ಪುಗಟ್ಟಿದ ರಕ್ತ ಕಪ್ಪಗಿರುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗಿ ಪಕ್ಕದ ಲಿವರ್ ಹಾಗೇ ಕಾಣುತ್ತದೆ. ಕರುಳಿಗೆ ಆದ ಗಾಯ ಇದರಲ್ಲಿ ಸಿಗುವುದಿಲ್ಲ. ಕಿಡ್ನಿಯ ಹಿಂದೆ, ಬೆನ್ನುಮೂಳೆಯ ಮುಂದೆ ಸೋರಿದ ರಕ್ತವೂ ಸಿಗುವುದಿಲ್ಲ. ಗಾಳಿ ಶಬ್ದವನ್ನು ಮುಂದೆ ಬಿಡುವುದಿಲ್ಲ, ಹಾಗಾಗಿ ಕರುಳಿನಲ್ಲಿ ಗ್ಯಾಸ್ ತುಂಬಿದ್ದರೆ ಅದರ ಹಿಂದೆ ಏನಿದೆ ಅಂತ ಗೊತ್ತಾಗುವುದಿಲ್ಲ. ಮೂತ್ರಚೀಲ ಖಾಲಿಯಾಗಿದ್ದರೆ ಅದರ ಹಿಂದಿನ ಜಾಗ ನೋಡೋಕೆ ದಾರಿಯೇ ಇರುವುದಿಲ್ಲ. ಮೂತ್ರ ಹೊರಗೆ ಬಿಡುವ ಕ್ಯಾತಿಟರ್ ಹಾಕುವ ಮುಂಚೆ ಸ್ಕ್ಯಾನ್ ಮಾಡಿ ಅಂತ ಸಿಸ್ಟರ್‌ಗಳು ಹೊಸ ಪಿಜಿಗಳಿಗೆ ನೆನಪಿಸುವುದು ಅದಕ್ಕೇ.

ತೋಟದಲ್ಲಿ ಹಸು ಕಳೆದುಹೋಗಿದೆ ಅಂದುಕೊಳ್ಳಿ. ಬೇಲಿ ಹತ್ತಿರ ಹೋಗುತ್ತಿದ್ದ ಹಾಗೆ ಕಣ್ಣಿಗೆ ಬಿದ್ದರೆ ಕೆಲಸ ಮುಗಿಯಿತು. ಬೀಳದಿದ್ದರೆ? ತೋಟದಲ್ಲಿ ಇಲ್ಲ ಅನ್ನೋಕೆ ಬಾವಿಕಟ್ಟೆ, ಬಾಳೆ ಗುಂಪು, ಹಿಂದಿನ ಹಳ್ಳ ಎಲ್ಲ ತಿರುಗಬೇಕು. ನೋಡಿದೆ ಅನ್ನುವ ಮಾತಿನ ಬೆಲೆ ಎಲ್ಲೆಲ್ಲಿ ನೋಡಿದೆ ಅನ್ನುವುದರ ಮೇಲೆ ನಿಂತಿದೆ.

ಲಿವರ್‌ನ ತುದಿ

ನಾನು ಪಿಜಿ ಮಾಡುವ ಹೊತ್ತಿಗೆ ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್ ಇನ್ನೂ ಹೊಸ ವಿಷಯ. 2009ರಲ್ಲಷ್ಟೇ ಮೆಡಿಕಲ್ ಕೌನ್ಸಿಲ್ ಅದಕ್ಕೆ ಎಂಡಿ ಮಾನ್ಯತೆ ಕೊಟ್ಟಿತ್ತು. ಸ್ಕ್ಯಾನ್ ಅಂದರೆ ರೇಡಿಯಾಲಜಿಯವರ ಕೆಲಸ ಅನ್ನುವ ಮಾತು ಎಲ್ಲ ಕಡೆ ಇತ್ತು. ನಮಗೆ ಕಲಿಸಿದ ಮೇಡಂ ಆ ವಾದಕ್ಕೆ ಹೋಗುತ್ತಿರಲಿಲ್ಲ. "ಅವರು ಹೊಟ್ಟೆಯಲ್ಲಿ ಇರೋದನ್ನೆಲ್ಲಾ ನೋಡ್ತಾರೆ. ನಾವು ಒಂದೇ ಒಂದು ಪ್ರಶ್ನೆ ಕೇಳ್ತೀವಿ. ಆ ಒಂದನ್ನಾದ್ರೂ ಸರಿಯಾಗಿ ಕೇಳಬೇಕು" ಅನ್ನುತ್ತಿದ್ದರು.

ಅವರು ಕಲಿಸಿದ ರೀತಿ ಇವತ್ತಿಗೂ ನನ್ನ ಕೈಯಲ್ಲಿದೆ. ಒಂದು ದಿನ ಮಧ್ಯಾಹ್ನ ತೆಂಗಿನ ಮರದಿಂದ ಬಿದ್ದವರೊಬ್ಬರನ್ನು ಕರೆತಂದರು. ವಯಸ್ಸು ಐವತ್ತರ ಆಸುಪಾಸು. ಪೂರ್ತಿ ಎಚ್ಚರ ಇತ್ತು, ಸೊಂಟ ನೋವು ಅನ್ನುತ್ತಿದ್ದರು. ಅಂಗಾಲು, ಅಂಗೈ, ಎದೆಯ ಎರಡೂ ಕಡೆ ವರ್ಷಗಟ್ಟಲೆ ಮರ ಹತ್ತಿ ಜಡ್ಡುಗಟ್ಟಿದ ಚರ್ಮ. ಸೊಂಟದಲ್ಲಿ ಉಡಿದಾರ, ಅದಕ್ಕೆ ಕಟ್ಟಿದ್ದ ಒಂದು ಸಣ್ಣ ತಾಯತ. ಬಲಗಡೆ ಪ್ರೋಬ್ ಇಡೋಕೆ ಅದನ್ನು ಸ್ವಲ್ಪ ಕೆಳಗೆ ಸರಿಸಬೇಕಾಯಿತು. "ಯಜಮಾನ್ರೇ, ಇದನ್ನ ಒಂಚೂರು ಸರಿಸ್ತೀನಿ, ತೆಗೆಯಲ್ಲ" ಅಂತ ಮೇಡಂ ಅವರ ಮುಖ ನೋಡಿ ಹೇಳಿದರು. ಆಮೇಲೆ ಪ್ರೋಬ್ ನನ್ನ ಕೈಗೆ ಕೊಟ್ಟು, ಅದರ ಮೇಲೆ ತಮ್ಮ ಕೈ ಇಟ್ಟರು.

ಕಿರುಬೆರಳು ರೋಗಿಯ ಮೈಮೇಲೆ ಊರಿರಬೇಕು. ಇಲ್ಲದಿದ್ದರೆ ಪ್ರೋಬ್ ಜಾರುತ್ತದೆ. ಮೊದಲು ಲಿವರ್ ಕಂಡಿತು, ನುಣುಪಾದ ಬೂದಿ ಬಣ್ಣ. ಅದರ ಕೆಳಗೆ ಕಿಡ್ನಿ. ನಡುವೆ ಬೆಳ್ಳಗಿನ ತೆಳು ಗೆರೆ. ಇದಕ್ಕೆ ಮಾರಿಸನ್ ಪೌಚ್ ಅನ್ನುತ್ತಾರೆ. ಪುಸ್ತಕದಲ್ಲಿ ಇರುವ ಚಿತ್ರ ಇದೇ. ಕಪ್ಪು ಇರಲಿಲ್ಲ. ಹೊಸಬರು ಬಹಳಷ್ಟು ಜನ ಇಲ್ಲಿಗೆ ಕೈ ಎತ್ತುತ್ತಾರೆ. ಮೇಡಂ ಕೈ ಒತ್ತಡ ಬಿಡಲಿಲ್ಲ. ಪ್ರೋಬನ್ನು ಅಲ್ಲೇ ಊರಿ ಬೀಸಣಿಗೆ ಆಡಿಸಿದ ಹಾಗೆ ಮುಂದಕ್ಕೆ, ಹಿಂದಕ್ಕೆ ವಾಲಿಸಿದರು. ಕಿಡ್ನಿ ದೊಡ್ಡದಾಗಿ, ಸಣ್ಣದಾಗಿ, ಪೂರ್ತಿ ಮಾಯವಾಗುವವರೆಗೆ. ಆಮೇಲೆ ಕಾಲಿನ ಕಡೆಗೆ ಜಾರಿಸಿದರು. "ಲಿವರ್ ಎಲ್ಲಿ ಮುಗಿಯುತ್ತೆ ತೋರಿಸು" ಅಂದರು. ಲಿವರ್‌ನ ಕೆಳಗಿನ ತುದಿ ಚೂಪಾಗಿ ಕಾಣಿಸಿತು. "ಮಲಗಿರುವ ಮನುಷ್ಯನಲ್ಲಿ ಈ ಕಡೆ ರಕ್ತ ಮೊದಲು ಬಂದು ಕೂರೋದು ಇಲ್ಲಿ. ಇದನ್ನ ನೋಡಿದ ಮೇಲೆ ಬಲಗಡೆ ನೋಡಿದೆ ಅನ್ನು."

ಎಡಗಡೆ ಇನ್ನೂ ಕಷ್ಟ. ಸ್ಪ್ಲೀನ್ ಮೇಲಕ್ಕೆ, ಹಿಂದಕ್ಕೆ ಇರುತ್ತದೆ. ಬೆರಳ ಗೆಣ್ಣು ಹಾಸಿಗೆಗೆ ತಾಗುವಷ್ಟು ಕೆಳಗೆ ಕೈ ಹೋಗಬೇಕು. ಅಲ್ಲಿ ಸ್ಪ್ಲೀನ್ ಮತ್ತು ಕಿಡ್ನಿ ನಡುವೆ ನೋಡಿದರೆ ಸಾಲದು, ರಕ್ತ ಮೊದಲು ಸೇರುವುದು ಸ್ಪ್ಲೀನ್ ಮೇಲೆ, ಎದೆ ಮತ್ತು ಹೊಟ್ಟೆಯನ್ನು ಬೇರೆ ಮಾಡುವ ವಪೆಯ ಕೆಳಗೆ. ಪಕ್ಕೆಲುಬಿನ ನೆರಳು ಅಡ್ಡ ಬರುತ್ತಿತ್ತು. "ಯಜಮಾನ್ರೇ, ಒಂದು ಸಲ ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದರು. ಅವರು ಉಸಿರು ಹಿಡಿದಾಗ ಸ್ಪ್ಲೀನ್ ಕೆಳಗೆ ಇಳಿದು ನೆರಳಿನಿಂದ ಆಚೆ ಬಂತು. ಅಷ್ಟು ಹೊತ್ತಿಗೆ ನನ್ನ ಮಣಿಕಟ್ಟು ನೋಯುತ್ತಿತ್ತು. ಮೂತ್ರಚೀಲದ ಹಿಂದೆ ಉದ್ದಕ್ಕೂ ಅಡ್ಡಕ್ಕೂ ನೋಡಿಸಿದರು. ಹೃದಯ ನೋಡಿಸಿದರು. ಎಲ್ಲೂ ಕಪ್ಪು ಇಲ್ಲ. ಎಲ್ಲ ಮುಗಿದ ಮೇಲೆ, "ಈಗ ಹೇಳು" ಅಂದರು. ಇಲ್ಲ ಅಂದೆ. "ಏನು ಇಲ್ಲ?" ಅಂತ ಕೇಳಿದರು. ನಾಲ್ಕು ಕಡೆಯೂ ನಿಂತ ರಕ್ತ ಇಲ್ಲ ಅಂದೆ. "ಸರಿ. ಸೊಂಟ ಯಾಕೆ ನೋಯ್ತಿದೆ?" ಅಂದವರೇ ಸಿಟಿ ಸ್ಕ್ಯಾನ್‌ಗೆ ಬರೆದರು. ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಅದರ ಸುತ್ತ ರಕ್ತ ಹೆಪ್ಪುಗಟ್ಟಿತ್ತು, ನಮ್ಮ ಪ್ರೋಬ್‌ಗೆ ಯಾವತ್ತೂ ಸಿಗದ ಜಾಗದಲ್ಲಿ.

ಈ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲವಲ್ಲ, ಮತ್ತೆ ಇದನ್ನೇ ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೀನಿ ಅಂತ ನಿಮಗೆ ಅನಿಸಬಹುದು. ಕಪ್ಪು ಕಂಡ ಸ್ಕ್ಯಾನ್‌ಗಳು ನನಗೆ ಎಷ್ಟೋ ನೆನಪಿವೆ. ಅವುಗಳಲ್ಲಿ ಕಲಿತದ್ದು ಬಹಳ ಕಡಿಮೆ. ಕಂಡ ಕೂಡಲೇ ಸರ್ಜನ್‌ಗೆ ಫೋನ್, ರಕ್ತಕ್ಕೆ ವ್ಯವಸ್ಥೆ, ಆಪರೇಷನ್ ಥಿಯೇಟರ್‌ಗೆ ಓಟ. ನೋಡುವ ಕೆಲಸ ಅಲ್ಲಿಗೆ ನಿಂತುಹೋಗುತ್ತದೆ. ಪೂರ್ತಿ ನೋಡುವುದು ಅಂದರೇನು ಅಂತ ಗೊತ್ತಾದದ್ದು ಏನೂ ಇಲ್ಲದ ಈ ಹೊಟ್ಟೆಯಲ್ಲೇ.

ಎದೆಯಲ್ಲಿ ಲೆಕ್ಕ ತಿರುಗುಮುರುಗು

ಎದೆಗೆ ಬಂದರೆ ಈ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ಶ್ವಾಸಕೋಶದ ತುಂಬ ಗಾಳಿ, ಅಲ್ಟ್ರಾಸೌಂಡ್‌ಗೆ ಅಲ್ಲಿ ಕೆಲಸವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಅದನ್ನು ಬದಲಾಯಿಸಿದವರಲ್ಲಿ ದೊಡ್ಡ ಹೆಸರು ಫ್ರಾನ್ಸ್‌ನ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್. ಉಸಿರಾಟದ ತೊಂದರೆಯಲ್ಲಿ ಬಂದವರ ಎದೆಯನ್ನು ಯಾವ ಕ್ರಮದಲ್ಲಿ ನೋಡಬೇಕು ಅನ್ನುವ ಅವರ ಬ್ಲೂ ಪ್ರೋಟೋಕಾಲ್ 2008ರಲ್ಲಿ ಪ್ರಕಟವಾಯಿತು. ಅವರು ತೋರಿಸಿಕೊಟ್ಟದ್ದರಲ್ಲಿ ಒಂದು, ಶ್ವಾಸಕೋಶದ ಮೇಲಿನ ಪೊರೆ ಉಸಿರಿನ ಜೊತೆ ಎದೆಗೂಡಿಗೆ ತಾಗಿಕೊಂಡು ಹಿಂದೆ ಮುಂದೆ ಸರಿಯುವುದು ಪರದೆಯ ಮೇಲೆ ಕಾಣುತ್ತದೆ ಎಂಬುದು. ಎರಡು ಪಕ್ಕೆಲುಬುಗಳ ನೆರಳಿನ ನಡುವೆ ಒಂದು ಬೆಳ್ಳನೆಯ ಗೆರೆ, ಅದು ಮಿಣಮಿಣ ಅಂತ ಹೊಳೆಯುತ್ತಾ ಓಡಾಡುತ್ತದೆ. ಮೊದಲ ಸಲ ಕಾಣುವಾಗ ಇಂಟರ್ನ್‌ಗಳು ಮೂಗು ಪರದೆಗೆ ತಾಗುವಷ್ಟು ಮುಂದೆ ಬಗ್ಗುತ್ತಾರೆ.

ಎದೆಗೂಡಿನೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿದಿದ್ದರೆ ಆ ಗೆರೆ ಸರಿಯುವುದಿಲ್ಲ. ಈಗ ಗಮನಿಸಿ. ಗೆರೆ ಸರಿಯುತ್ತಿದೆ ಅಂದರೆ, ಪ್ರೋಬ್ ಇಟ್ಟ ಆ ಜಾಗದಲ್ಲಿ ಗಾಳಿ ಸೋರಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಇಲ್ಲಿ "ಇಲ್ಲ" ಗಟ್ಟಿ. ಗೆರೆ ಸರಿಯುತ್ತಿಲ್ಲ ಅಂದರೆ ಮಾತ್ರ ಗಾಳಿ ಸೋರಿದೆ ಅಂತ ಹಾರಿಬೀಳುವ ಹಾಗಿಲ್ಲ. ಹಿಂದೆ ಯಾವಾಗಲೋ ಟಿಬಿ ಆಗಿ ಪೊರೆ ಅಂಟಿಕೊಂಡಿದ್ದರೂ ಸರಿಯುವುದಿಲ್ಲ. ನಮ್ಮ ಕಡೆ ಅಂಥವರು ಎಷ್ಟು ಜನ ಅಂತ ನಿಮಗೂ ಗೊತ್ತು. ಉಸಿರಿನ ಕೊಳವೆ ಹಾಕುವಾಗ ಅದು ಜಾಸ್ತಿ ಒಳಗೆ ಹೋಗಿ ಬಲಗಡೆಗೆ ಮಾತ್ರ ಗಾಳಿ ಹೋಗುತ್ತಿದ್ದರೆ ಎಡಗಡೆ ಸರಿಯುವುದಿಲ್ಲ. ರೋಗಿ ಉಸಿರೇ ಎಳೆಯುತ್ತಿಲ್ಲ ಅಂದರೂ ಅಷ್ಟೇ. ಅಂದರೆ ಹೊಟ್ಟೆಯಲ್ಲಿ "ಇದೆ" ಗಟ್ಟಿ, "ಇಲ್ಲ" ಸಡಿಲ. ಎದೆಯಲ್ಲಿ ತಿರುಗುಮುರುಗು. ಒಂದೇ ಯಂತ್ರ, ಒಂದೇ ಕೈ. ಯಾವ ಪ್ರಶ್ನೆ ಕೇಳುತ್ತಿದ್ದೀವಿ ಅನ್ನುವುದರ ಮೇಲೆ ಉತ್ತರದ ತೂಕ ಬದಲಾಗುತ್ತದೆ. ಪರೀಕ್ಷೆಗಾಗಿ ಚಿಹ್ನೆಗಳ ಪಟ್ಟಿ ಬಾಯಿಪಾಠ ಮಾಡಿದವರಿಗೆ ಈ ತೂಕ ಸಿಗುವುದಿಲ್ಲ. ನನ್ನ ಮಟ್ಟಿಗೆ, ಯಾರಿಗಾದರೂ ಸ್ಕ್ಯಾನ್ ಬರುತ್ತದಾ ಅಂತ ತಿಳಿಯೋಕೆ ಒಂದೇ ಪ್ರಶ್ನೆ ಸಾಕು: ನಿನ್ನ ಈ "ಇಲ್ಲ"ವನ್ನು ನಾನು ಎಷ್ಟು ನಂಬಬೇಕು?

ಬೆಳಗಿನ ಉತ್ತರ ಸಂಜೆಗೆ ಸಲ್ಲುವುದಿಲ್ಲ

ಡೆಂಗಿ ಕಾಲ ಬಂದರೆ ನಮ್ಮ ಯಂತ್ರಕ್ಕೆ ಬಿಡುವೇ ಇರುವುದಿಲ್ಲ. 2024ರಲ್ಲಂತೂ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯಿತು. ಮನೆಯವರ ಗಮನವೆಲ್ಲ ಪ್ಲೇಟ್‌ಲೆಟ್ ಮೇಲೆ. ಬೆಳಿಗ್ಗೆ ಎಷ್ಟಿತ್ತು, ಸಂಜೆ ಎಷ್ಟಾಯಿತು, ಪರಂಗಿ ಎಲೆ ರಸ ಕೊಡಬಹುದಾ. ನಮಗೆ ಹೆಚ್ಚು ಭಯ ಇರುವುದು ರಕ್ತನಾಳದಿಂದ ಹೊರಗೆ ಸೋರುವ ನೀರಿನ ಬಗ್ಗೆ. ಅದು ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರುತ್ತದೆ. ಪಿತ್ತಕೋಶದ ಗೋಡೆ ಊದಿಕೊಳ್ಳುತ್ತದೆ. ರಕ್ತನಾಳದೊಳಗೆ ನೀರು ಕಡಿಮೆಯಾಗಿ ಬಿಪಿ ಬೀಳುತ್ತದೆ. ಈ ಸೋರಿಕೆ ಶುರುವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ. ಮನೆಯವರು ಸದ್ಯ ಜ್ವರ ಬಿಟ್ಟಿತು ಅಂತ ಉಸಿರು ಬಿಡುವ ಹೊತ್ತಿಗೆ ಸರಿಯಾಗಿ.

ಹಾಸ್ಟೆಲಿನಲ್ಲಿದ್ದ ಒಬ್ಬ ಪಿಯುಸಿ ಹುಡುಗಿ ನೆನಪಾಗುತ್ತಾಳೆ. ಜೊತೆಗಿದ್ದದ್ದು ಅವಳ ಅಜ್ಜಿ. ಬೆಳಿಗ್ಗೆ ರೌಂಡ್ಸ್‌ನಲ್ಲಿ ನೋಡಿದಾಗ ಲಿವರ್, ಕಿಡ್ನಿ ನಡುವೆ ಏನೂ ಇರಲಿಲ್ಲ, ಪಿತ್ತಕೋಶ ತೆಳ್ಳಗಿತ್ತು, ಎದೆಯ ಕೆಳಭಾಗ ಎರಡೂ ಕಡೆ ಚೆನ್ನಾಗಿತ್ತು. ಚೆನ್ನಾಗಿಯೇ ನೋಡಿದ್ದೆವು, ಲಿವರ್ ತುದಿಯವರೆಗೂ. ಸಂಜೆ ಹೊತ್ತಿಗೆ ಹುಡುಗಿಗೆ ಜ್ವರ ಇರಲಿಲ್ಲ, ಆದರೆ ಹೊಟ್ಟೆನೋವು ಅಂದಳು, ವಾಂತಿಯಾಯಿತು, ಕೈ ತಣ್ಣಗಿತ್ತು. ಮತ್ತೆ ಪ್ರೋಬ್ ಇಟ್ಟಾಗ ಅದೇ ಜಾಗದಲ್ಲಿ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ಪಿತ್ತಕೋಶದ ಗೋಡೆ ಪದರ ಪದರವಾಗಿ ದಪ್ಪಗಾಗಿತ್ತು. ಬಲಗಡೆ ವಪೆಯ ಮೇಲೆಯೂ ಸ್ವಲ್ಪ ನೀರು. ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಪಿಸಿವಿ ಏರಿತ್ತು. ಡ್ರಿಪ್ ಲೆಕ್ಕ ಬದಲಾಯಿಸಿ, ಗಂಟೆಗಂಟೆಗೂ ನಾಡಿ, ಬಿಪಿ, ಮೂತ್ರ ನೋಡುತ್ತಾ ಹೋದೆವು. ಅಜ್ಜಿ ನನ್ನನ್ನು ಕಾರಿಡಾರ್‌ನಲ್ಲಿ ನಿಲ್ಲಿಸಿ ಕೇಳಿದರು. "ಬೆಳಿಗ್ಗೆ ನೋಡ್ದಾಗ ಇರ್ಲಿಲ್ಲ ಅಂದ್ರಿ, ಈಗ ಎಲ್ಲಿಂದ ಬಂತವ್ವಾ?" ಕೋಪದಿಂದ ಕೇಳಿದ್ದಲ್ಲ. ಅವರಿಗೆ ನಿಜವಾಗಲೂ ತಿಳಿಯಬೇಕಿತ್ತು. ಕೂರಿಸಿ ಹೇಳಿದೆ. ಬೆಳಿಗ್ಗೆ ಇರಲಿಲ್ಲ ಅಜ್ಜಿ, ಅದು ನಿಜ. ಈ ಕಾಯಿಲೆಯಲ್ಲಿ ಒಂದು ದಿನ, ಎರಡು ದಿನ ನೀರು ಸೋರುತ್ತೆ. ಆಮೇಲೆ ಅದೇ ಒಳಗೆ ವಾಪಸ್ ಹೋಗುತ್ತೆ. ಅದಕ್ಕೇ ಮತ್ತೆ ಮತ್ತೆ ನೋಡ್ತಾ ಇರೋದು. ಅಜ್ಜಿ ತಲೆಯಾಡಿಸಿ, "ಅದನ್ನ ಬೆಳಿಗ್ಗೆನೇ ಹೇಳಿದ್ರೆ ನನಗೆ ಇಷ್ಟು ಗಾಬರಿ ಆಗ್ತಿರ್ಲಿಲ್ಲ ನೋಡು" ಅಂದರು.

ಹುಡುಗಿ ಚೇತರಿಸಿಕೊಂಡಳು. ಅಜ್ಜಿಯ ಮಾತು ನನಗೆ ಒಂದು ಪಾಠದಷ್ಟೇ ಕೆಲಸ ಮಾಡಿದೆ. ಈಗ ಇಂಟರ್ನ್‌ಗಳಿಗೆ ನಾನು ಹೇಳುವುದು, "ಇಲ್ಲ" ಅಂದರೆ ಪಕ್ಕದಲ್ಲೇ ಗಂಟೆ ಎಷ್ಟು ಅಂತ ಬರಿ, ಮತ್ತೆ ಯಾವಾಗ ನೋಡ್ತೀಯಾ ಅಂತಲೂ ಬರಿ. ಅದನ್ನೇ ಮನೆಯವರಿಗೂ ಹೇಳು.

ಬೀಗ ಹಾಕಿದ ಯಂತ್ರ

ಇಷ್ಟೆಲ್ಲಾ ಕಲಿಯಬೇಕಾದರೆ ಏನೂ ಇಲ್ಲದ ಹೊಟ್ಟೆ, ಏನೂ ಇಲ್ಲದ ಎದೆ ನೂರಾರು ನೋಡಬೇಕು. ಸಾಮಾನ್ಯ ಹೇಗಿರುತ್ತದೆ ಅಂತ ಕಣ್ಣಿಗೆ ಕೂತರೆ ತಾನೇ, ಅಸಾಮಾನ್ಯ ಇಲ್ಲ ಅಂತ ಹೇಳೋಕೆ ಆಗೋದು? ಅಮೆರಿಕದ ಕೆಲವು ಮೆಡಿಕಲ್ ಕಾಲೇಜುಗಳು 2006ರಿಂದಲೇ ವಿದ್ಯಾರ್ಥಿಗಳ ಪಠ್ಯದಲ್ಲೇ ಇದನ್ನು ಸೇರಿಸಿವೆ. ವೇಯ್ನ್ ಸ್ಟೇಟ್, ಸೌತ್ ಕೆರೊಲಿನಾ ವಿಶ್ವವಿದ್ಯಾಲಯಗಳು ಮೊದಲ ಸಾಲಿನವು. ಅಂಗರಚನೆ ಓದುವಾಗಲೇ ಮಕ್ಕಳು ಒಬ್ಬರ ಮೇಲೊಬ್ಬರು ಪ್ರೋಬ್ ಇಟ್ಟು ನೋಡುತ್ತಾರೆ. ಈಗ ಫೋನಿಗೆ ಸಿಕ್ಕಿಸುವ, ಜೇಬಿನಲ್ಲಿ ಹಿಡಿಯುವ ಪ್ರೋಬ್‌ಗಳೂ ಬಂದಿವೆ.

ನಮ್ಮಲ್ಲಿ ಹಾಗೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ಹಾಗಿಲ್ಲ. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ, 2003ರಲ್ಲಿ ಬಿಗಿಯಾದ ಅದರ ತಿದ್ದುಪಡಿ, 2012ರಲ್ಲಿ ಪೋರ್ಟಬಲ್ ಯಂತ್ರಗಳ ಬಗ್ಗೆ ಬಂದ ನಿಯಮ, ಇವೆಲ್ಲದರ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಅದು ಎಲ್ಲಿರುತ್ತದೆ, ಯಾರು ಬಳಸುತ್ತಾರೆ ಅನ್ನುವುದಕ್ಕೆ ಲೆಕ್ಕ ಬೇಕು. ಇದನ್ನು ದೂರುವವರು ನಮ್ಮ ವೃತ್ತಿಯಲ್ಲಿ ಬಹಳ ಜನ ಇದ್ದಾರೆ. ನಾನು ಆ ಗುಂಪಿನವಳಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ನಾವೆಲ್ಲ ಓದಿದ್ದೇವೆ. ಬೆಲ್ಲ ಕಾಯಿಸುವ ಜಾಗದಲ್ಲಿ ಆ ಕೆಲಸ ನಡೆಯಿತು. ಯಂತ್ರ ಸಣ್ಣದಾದಷ್ಟೂ ಅಡಗಿಸೋದು ಸುಲಭ. ಈ ಕಾಯ್ದೆ ಯಾಕೆ ಬೇಕು ಅನ್ನುವುದಕ್ಕೆ ನನಗೆ ಬೇರೆ ಕಾರಣ ಬೇಡ.

ಆದರೆ ಕಾಯ್ದೆಯ ಹೆಸರು ಹೇಳಿ ಆಸ್ಪತ್ರೆಯೊಳಗೇ ಇರುವ, ನೋಂದಣಿಯಾದ ಯಂತ್ರವನ್ನೂ ಕಲಿಯುವವರಿಗೆ ಸಿಗದ ಹಾಗೆ ಬೀಗ ಹಾಕಿಡುವುದು ಬೇರೆ ಮಾತು. ಹಾಗೆ ಮಾಡುವ ಕಡೆಗಳಲ್ಲಿ ಓದಿ ಬಂದ ಪಿಜಿಗಳು ನಮ್ಮಲ್ಲಿಗೆ ಬರುತ್ತಾರೆ. ಅವರು ಯಂತ್ರ ಹೊರಗೆ ಬಂದದ್ದನ್ನು ನೋಡಿರುವುದು ಯಾರಿಗೋ ಜೀವ ಹೋಗುವ ಸ್ಥಿತಿ ಬಂದಾಗ ಮಾತ್ರ. ಅಂದರೆ ಅವರ ಕಣ್ಣಿಗೆ ಬಿದ್ದದ್ದೆಲ್ಲ "ಇದೆ". ಆರೋಗ್ಯವಾಗಿರುವ ಲಿವರ್‌ನ ತುದಿ ಹೇಗಿರುತ್ತದೆ ಅಂತ ಕೇಳಿದರೆ ಅವರಿಗೆ ಗೊತ್ತಿಲ್ಲ, ಮತ್ತದು ಅವರ ತಪ್ಪಲ್ಲ. ಹೆಸರು ಬರೆದು, ಹೊತ್ತು ಬರೆದು, ಮೇಲಿನವರ ಸಹಿ ಹಾಕಿಸಿ, ಗರ್ಭಿಣಿಯರನ್ನು ಬಿಟ್ಟು ಉಳಿದವರ ಮೇಲೆ ಕಲಿಸೋಕೆ ಒಂದು ಒಪ್ಪಿತ ದಾರಿ ಇರಲೇಬೇಕು. ನಮ್ಮ ವಿಭಾಗದಲ್ಲಿ ಆ ದಾರಿ ಮಾಡಿಕೊಂಡಿದ್ದೇವೆ. ರಾತ್ರಿ ರಶ್ ಇಳಿದ ಮೇಲೆ ಹುಡುಗರು ಒಬ್ಬರಾದ ಮೇಲೆ ಒಬ್ಬರು ಮಂಚದ ಮೇಲೆ ಮಲಗುತ್ತಾರೆ, ಸೀನಿಯರ್ ಪಕ್ಕದಲ್ಲಿ ನಿಂತಿರುತ್ತಾರೆ, ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ.

ಒಂದೊಂದು ಬಗೆಯ ಸ್ಕ್ಯಾನ್‌ಗೂ ಇಪ್ಪತ್ತೈದರಿಂದ ಐವತ್ತು ಸಲ ಮಾಡಿರಬೇಕು ಅಂತ ಅಮೆರಿಕದ ಎಮರ್ಜೆನ್ಸಿ ವೈದ್ಯರ ಸಂಘ ಹೇಳುತ್ತದೆ. ನಮ್ಮಲ್ಲೂ ಅದನ್ನೇ ಲಾಗ್‌ಬುಕ್‌ಗೆ ತಂದುಕೊಂಡಿದ್ದಾರೆ. ಎಣಿಕೆ ಬೇಡ ಅನ್ನಲ್ಲ. ಆದರೆ ಐವತ್ತು ಸಲ ಅರ್ಧಕ್ಕೆ ಕೈ ಎತ್ತಿದವರ ಲಾಗ್‌ಬುಕ್ಕೂ ತುಂಬಿಯೇ ಇರುತ್ತದೆ. ಪಿಜಿ "ಇಲ್ಲ" ಅಂದ ಮೇಲೆ ಅದೇ ರೋಗಿಗೆ ಸಿಟಿ ಆಗಿದ್ದರೆ, ಅದರಲ್ಲಿ ಏನು ಬಂತು ಅಂತ ವಾಪಸ್ ಹೋಗಿ ನೋಡಿದ್ದಾರಾ? ಉಳಿಸಿಟ್ಟ ವಿಡಿಯೊದಲ್ಲಿ ಲಿವರ್ ತುದಿ ಬಂದಿದೆಯಾ? ಇವೆರಡನ್ನು ಕೇಳದ ಎಣಿಕೆಯಿಂದ ನನಗೆ ಸಮಾಧಾನ ಇಲ್ಲ. ವಾರಕ್ಕೊಮ್ಮೆ ನಾವು ಕೂತು ಹಿಂದಿನ ವಾರದ ಸ್ಕ್ಯಾನ್‌ಗಳನ್ನು ಗೋಡೆಗೆ ಹಾಕಿ ನೋಡುತ್ತೇವೆ. ಮುಂಚೆ ರೋಗ ಸಿಕ್ಕ ಸ್ಕ್ಯಾನ್‌ಗಳನ್ನೇ ತರುತ್ತಿದ್ದರು, ನೋಡೋಕೆ ಚೆನ್ನಾಗಿರುತ್ತವೆ ಅಂತ. ಈಗ ಅರ್ಧಕ್ಕರ್ಧ ಏನೂ ಸಿಗದವು ಇರಲೇಬೇಕು ಅಂತ ಮಾಡಿದ್ದೇವೆ. ಅವುಗಳ ಮೇಲೆ ಆಗುವ ಚರ್ಚೆಯೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಸಾಫ್ಟ್‌ವೇರ್ ಬಗ್ಗೆಯೂ ಒಂದು ಮಾತು. ಹೃದಯದ ಸ್ಕ್ಯಾನ್‌ಗೆ ಪ್ರೋಬನ್ನು ಎತ್ತ ಸರಿಸಬೇಕು ಅಂತ ಪರದೆಯ ಮೇಲೇ ಹೇಳುತ್ತಾ ಹೋಗುವ ತಂತ್ರಾಂಶಕ್ಕೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ಕೊಟ್ಟಿತು. ಅದರಲ್ಲಿ ನನಗೆ ಹಿಡಿಸಿದ್ದು, ಸಿಕ್ಕ ಚಿತ್ರ ಎಷ್ಟು ಚೆನ್ನಾಗಿದೆ ಅಂತ ತೋರಿಸುವ ಒಂದು ಮೀಟರ್. ಚಿತ್ರವೇ ಸರಿಯಿಲ್ಲದಿದ್ದರೆ ಉತ್ತರದ ಮಾತು ಆಮೇಲೆ, ಮೊದಲು ಸರಿಯಾಗಿ ನೋಡು ಅನ್ನುತ್ತದೆ ಅದು. ಮೇಡಂ ಕೈ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ. ಕೈಗೆ ಕೈ ಇಟ್ಟು ಕಲಿಸುವಷ್ಟು ಜನ ಇಲ್ಲದ ತಾಲ್ಲೂಕು ಆಸ್ಪತ್ರೆಗಳಿಗೆ ಇಂಥದ್ದು ಬಂದರೆ ನಾನು ಖುಷಿಯಿಂದ ಒಪ್ಪುತ್ತೇನೆ.

ಚೀಟಿಯಲ್ಲಿ ಏನು ಬರೆಯುವುದು

ಬೈಕಿನ ಹುಡುಗನ ಕೇಸ್ ಶೀಟ್‌ನಲ್ಲಿ ಬರೆದದ್ದು "ಫಾಸ್ಟ್ ನೆಗೆಟಿವ್" ಅಂತ. ಎಲ್ಲರೂ ಬರೆಯುವುದು ಹಾಗೆಯೇ, ನಾನೂ ಎಷ್ಟೋ ವರ್ಷ ಬರೆದಿದ್ದೇನೆ. ಈಗ ಅದನ್ನು ಬಿಡಿಸಿದ್ದೇನೆ. ಪ್ರತಿ ಜಾಗಕ್ಕೂ ಒಂದು ಸಾಲು. ಪ್ರತಿ ಸಾಲಿಗೆ ಮೂರು ಖಾನೆ: ಇದೆ, ಇಲ್ಲ, ಪೂರ್ತಿ ಕಾಣಲಿಲ್ಲ. ಮೂರನೆಯ ಖಾನೆ ಇಟ್ಟ ಮೊದಲ ವಾರ ಅದರಲ್ಲಿ ಯಾರೂ ಗುರುತು ಹಾಕಲಿಲ್ಲ. ಕಾಣಲಿಲ್ಲ ಅಂತ ಬರೆದರೆ ಕೆಲಸ ಬರುವುದಿಲ್ಲ ಅಂದುಕೊಳ್ಳುತ್ತಾರೆ ಎಂಬ ಅಂಜಿಕೆ ಅವರಿಗೆ. ಆಮೇಲೆ ಒಂದು ರಾತ್ರಿ ಇಂಟರ್ನ್ ಹುಡುಗಿಯೊಬ್ಬಳು ಬರೆದಳು: "ಎಡಗಡೆ ಗ್ಯಾಸ್ ಇದೆ. ಸ್ಪ್ಲೀನ್ ಮೇಲಿನ ಭಾಗ ಕಾಣಲಿಲ್ಲ. ಬ್ಲ್ಯಾಡರ್ ಖಾಲಿ, ಹಿಂದೆ ನೋಡಲಾಗಲಿಲ್ಲ. ಎರಡು ಗಂಟೆಗೆ ಮತ್ತೆ ನೋಡಬೇಕು." ಆ ವಾರದ ಮೀಟಿಂಗ್‌ನಲ್ಲಿ ಗೋಡೆಗೆ ಮೊದಲು ಹಾಕಿದ್ದು ಆ ಚೀಟಿಯನ್ನು. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಏನು ಮಾಡಬೇಕು ಅಂತ ಅದನ್ನು ಓದಿದರೆ ಗೊತ್ತಾಗುತ್ತದೆ. ಮನೆಯವರು ಕೇಳಿದರೆ ಏನು ಹೇಳಬೇಕು ಅಂತಲೂ ಗೊತ್ತಾಗುತ್ತದೆ.

ಮುಂದಿನ ತಿಂಗಳು ಹೊಸ ಪಿಜಿ ಬ್ಯಾಚ್ ಬರುತ್ತಿದೆ. ಮೊದಲ ಎರಡು ವಾರ ಅವರಿಗೆ ರೋಗ ಇರುವ ಒಂದೂ ಚಿತ್ರ ತೋರಿಸಬಾರದು ಅಂತ ನಮ್ಮಲ್ಲಿ ಮಾತಾಗಿದೆ. ಬರೀ ಚೆನ್ನಾಗಿರುವ ಲಿವರ್, ಚೆನ್ನಾಗಿರುವ ಎದೆ. ಅವರಿಗೆ ಬೇಜಾರಾಗುತ್ತದೆ ಅಂತ ಒಬ್ಬ ಸಹೋದ್ಯೋಗಿ ಅಂದರು. ಆಗಬಹುದು. ಆದರೂ ಈ ಸಲ ಹಾಗೇ ಶುರು ಮಾಡುತ್ತೇವೆ.